ಶುಕ್ರವಾರದ ಪಟ್ಟಿಯಿಂದ ಬಿಟ್ಟ ಹೆಸರು

ನನಗೆ ಹೆಂಡದ ವಾಸನೆ ಹೇಗಿರುತ್ತದೆ ಎಂದು ಗೊತ್ತಿಲ್ಲ. ಗೋವಾದ ಗಡಿಗೆ ಇಷ್ಟು ಹತ್ತಿರದ ಬೆಳಗಾವಿಯಲ್ಲೇ ಹುಟ್ಟಿ ಬೆಳೆದ, ಐವತ್ತು ದಾಟಿದ ಗಂಡಸೊಬ್ಬ ಈ ಮಾತು ಹೇಳಿದರೆ ಜನ ಒಂದೋ ನಗುತ್ತಾರೆ, ಇಲ್ಲವೇ ಅವನ ಹೆಂಡತಿ ಪಕ್ಕದಲ್ಲೆಲ್ಲೋ ನಿಂತಿರಬೇಕೆಂದು ಸುತ್ತ ನೋಡುತ್ತಾರೆ. ಆದರೆ ನಿಜವಾಗಿಯೂ ಗೊತ್ತಿಲ್ಲ. ಬಹಳ ವರ್ಷ ಇದನ್ನು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ಈಗ ತಲೆ ತಗ್ಗಿಸಿ ಹೇಳುತ್ತಿದ್ದೇನೆ. ಏಕೆಂದರೆ ಈ ಒಂದು ವಾಸನೆ ಗೊತ್ತಿಲ್ಲದ್ದರಿಂದಲೇ ನಾನು ಕಣಕುಂಬಿಯ ಒಬ್ಬ ಡ್ರಮ್ಮರನ ಕೈಯಿಂದ ಕೋಲು ಕೆಳಗಿಡಿಸಿದೆ.

ಮೊದಲು ನನ್ನ ಚಟದ ವಿಷಯ ಹೇಳಬೇಕು. ಕುಡಿಯದವನಿಗೂ ಒಂದು ಚಟ ಇರುತ್ತದೆ. ನನ್ನದು ಹಾರ್ಡ್‌ಕೋರ್ ಪಂಕ್. ಇದನ್ನು ಸಂಗೀತ ಎಂದು ಕರೆದರೆ ನನ್ನ ಹೆಂಡತಿ ಶೈಲಜಾ ಒಪ್ಪುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಟೇಪ್ ಹಚ್ಚಿದಾಗ ಅವಳು ಅಡುಗೆ ಮನೆಯಿಂದಲೇ "ರೀ, ಓಣ್ಯಾಗ ಯಾರೋ ಬಡದಾಡಾಕ ಹತ್ತ್ಯಾರ, ಬಾಗಲಾ ಹಾಕ್ರಿ" ಎಂದು ಕೂಗಿದ್ದಳು. ತಪ್ಪು ಅವಳದಲ್ಲ. ಹಿಂದುಸ್ತಾನಿ ಗಾಯನದ ಈ ಸೀಮೆಯಲ್ಲಿ ಖ್ಯಾಲ್ ಹಾಡುವವರು ಷಡ್ಜ ಹಚ್ಚಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಮ್ಮವರ ಎರಡು ಹಾಡು ಮುಗಿದೇ ಹೋಗಿರುತ್ತವೆ.

ಈ ಪಂಕ್ ಜಾತಿಯಲ್ಲಿ ಒಂದು ಒಳಪಂಗಡ ಇದೆ, ಸ್ಟ್ರೇಟ್ ಎಡ್ಜ್ ಎಂದು. ಇವರು ಕುಡಿಯುವುದಿಲ್ಲ, ಸೇದುವುದಿಲ್ಲ, ಯಾವ ಅಮಲನ್ನೂ ಮುಟ್ಟುವುದಿಲ್ಲ. ಗಿಟಾರ್ ಹರಿದುಹೋಗುವ ಹಾಗೆ ಬಾರಿಸುತ್ತ, ಗಂಟಲು ಕಿತ್ತುಕೊಂಡು ಬರುವ ಹಾಗೆ ಕೂಗುತ್ತ, "ನಾವು ನೆಟ್ಟಗಿದ್ದೇವೆ" ಎಂದು ಸಾರುತ್ತಾರೆ. ಅಮೆರಿಕದ ಕುಡಿತದ ಕ್ಲಬ್ಬುಗಳಲ್ಲಿ ಹಾಡು ಕೇಳಲು ಬಂದ ಚಿಕ್ಕ ವಯಸ್ಸಿನವರಿಗೆ ಮದ್ಯ ಕೊಡಬಾರದೆಂದು ಅಂಗೈ ಹಿಂಬದಿಗೆ ಇಂಗ್ಲಿಷಿನ ಎಕ್ಸ್ ಅಕ್ಷರದಂಥ ಕತ್ತರಿ ಗುರುತು ಹಾಕುತ್ತಿದ್ದರಂತೆ. ಅವಮಾನದ ಆ ಗುರುತನ್ನೇ ಇವರು ಮಾನದ ಗುರುತು ಮಾಡಿಕೊಂಡು, ದೊಡ್ಡವರಾದ ಮೇಲೂ ತಾವೇ ಬರೆದುಕೊಂಡು ತಿರುಗಿದರು.

ಕಾಲೇಜಿನ ದಿನಗಳಲ್ಲಿ ಹಾಸ್ಟೆಲ್ಲಿನ ಒಬ್ಬ ಗೆಳೆಯನಿಂದ ಇಂಥದೊಂದು ಕ್ಯಾಸೆಟ್ ನನ್ನ ಕೈಸೇರಿತು. ಅದೇ ವಾರ ನಾನೂ ಕೈಮೇಲೆ ಕಪ್ಪು ಮಾರ್ಕರಿನಿಂದ ಕತ್ತರಿ ಬರೆದುಕೊಂಡು ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಕೈಮ್ಯಾಲ ಏನಲೇ ಅದು?"

"ಶೆರೆ ಕುಡಿಯೂದಿಲ್ಲ ಅಂತ ಗುರುತಬೇ."

"ಅದನ್ನ ಬರದ ಇಟಗೋಬೇಕೇನು? ಕೊರಳಾಗ ಲಿಂಗ ಐತೆಲ್ಲ, ಸಾಲದೇನು?"

ಹೀಗೆ ನನ್ನ ಬಂಡಾಯ ಒಲೆಯ ಮುಂದೆಯೇ ಮುಗಿಯಿತು. ಬೇರೆ ದೇಶದ ಹುಡುಗರು ಅಪ್ಪ ಅಮ್ಮನ ವಿರುದ್ಧ, ಊರಿನ ವಿರುದ್ಧ ಜಗಳ ಕಾಯ್ದು ಸ್ಟ್ರೇಟ್ ಎಡ್ಜ್ ಆಗಿದ್ದರು. ನಾನು ಅವ್ವನ ಮಾತು ಕೇಳಿಕೊಂಡು ಮನೆಯಲ್ಲಿ ಕುಳಿತೇ ಬಂಡಾಯಗಾರನಾದೆ. ಬಿಡುತ್ತೇನೆ ಎನ್ನಲು ನನ್ನ ಬಳಿ ಏನೂ ಇರಲಿಲ್ಲ. ಮಹಾಂತೇಶ ನಗರದ ನಮ್ಮ ಬಾಜೂ ಮನೆಯ ಜೈನ ಅಜ್ಜಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಗಜ್ಜರಿ, ಉಳ್ಳಾಗಡ್ಡಿ, ಬಟಾಟಿ ಯಾವುದನ್ನೂ ಮುಟ್ಟುವುದಿಲ್ಲ. ಒಮ್ಮೆ ಅವರಿಗೆ ನಮ್ಮ ಪಂಗಡದ ನಿಯಮಗಳನ್ನೆಲ್ಲ ವಿವರಿಸಿ, ಒಂದು ಹಾಡೂ ಕೇಳಿಸಿದೆ. ಅಜ್ಜಿ ಕೊನೆಯವರೆಗೂ ಕೇಳಿ, "ಇಷ್ಟ ಬಿಡೂದಕ್ಕ ಇಷ್ಟ ಗದ್ಲಾ ಯಾಕೋ ತಮ್ಮಾ?" ಎಂದರು.

ಆದರೂ ಪ್ರೀತಿ ಪ್ರೀತಿಯೇ. ಅಂತರ್ಜಾಲ ಬಂದ ಮೇಲೆ ನಾನು ಒಂದು ಪಟ್ಟಿ ಶುರು ಮಾಡಿದೆ. ಜಗತ್ತಿನ ಹೊಸ ಹಾಡುಗಳೆಲ್ಲ ಶುಕ್ರವಾರ ಬಿಡುಗಡೆಯಾಗುವುದು ರೂಢಿ. ಆ ವಾರ ಎಲ್ಲೆಲ್ಲಿ ಯಾವ ಯಾವ ಸ್ಟ್ರೇಟ್ ಎಡ್ಜ್ ತಂಡ ಹೊಸದಾಗಿ ಏನು ಹೊರತಂದಿದೆ ಎಂದು ಹುಡುಕಿ, ಕೇಳಿ, ಒಂದೊಂದಕ್ಕೂ ಮೂರು ಸಾಲಿನ ಅಭಿಪ್ರಾಯ ಬರೆದು ಶುಕ್ರವಾರ ಸಂಜೆ ಹಾಕುತ್ತೇನೆ. ಬ್ರೆಜಿಲ್ಲಿನವರು, ಸ್ವೀಡನ್ನಿನವರು, ಮಲೇಷ್ಯಾದವರು ಇದನ್ನು ಓದುತ್ತಾರೆ. ಮಹಾಂತೇಶ ನಗರದಲ್ಲಿ ಮಾತ್ರ ಯಾರೂ ಓದುವುದಿಲ್ಲ. ಓದುವವರು ಬೆರಳೆಣಿಕೆಯಷ್ಟಾದರೂ ಅವರಿಗೆ ಪಟ್ಟಿಯ ಮೇಲೆ ಭರವಸೆ. ಇಂಡೋನೇಷ್ಯಾದ ಒಬ್ಬ ಗೆಳೆಯ ಇಂಥ ತಂಡಗಳ ಹಾಡುಗಳನ್ನು ಕ್ಯಾಸೆಟ್ ಮಾಡಿ ಹಂಚುತ್ತಾನೆ. ನನ್ನ ಪಟ್ಟಿಯಲ್ಲಿ ಮೆಚ್ಚುಗೆ ಕಂಡರೆ ಸಾಕು, ಆ ತಂಡಕ್ಕೆ ಪತ್ರ ಬರೆಯುತ್ತಾನೆ.

ಪಟ್ಟಿಗೆ ಒಂದೇ ನಿಯಮ. ತಂಡದ ಪ್ರತಿಯೊಬ್ಬರೂ ಶುದ್ಧ ಇರಬೇಕು. ಒಬ್ಬ ಕುಡಿದರೂ ಹೆಸರು ಇಲ್ಲ. ಈ ಬಿಗಿ ನನಗೆ ನೌಕರಿಯಿಂದ ಬಂದಿರಬೇಕು. ಹಗಲೆಲ್ಲ ನಾನು ಹಾಲಿನ ಡೇರಿಯೊಂದರಲ್ಲಿ ಹಾಲು ಪರೀಕ್ಷೆ ಮಾಡುವವನು. ಕ್ಯಾನು ಬಂದ ಕೂಡಲೇ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೀರು ಬೆರೆತಿದೆಯೋ ಇಲ್ಲವೋ ನೋಡುವುದು. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದವನಿಗೆ ಮನುಷ್ಯರನ್ನು ಕಂಡಾಗಲೂ ಎಷ್ಟು ಹಾಲು ಎಷ್ಟು ನೀರು ಎಂಬ ಯೋಚನೆಯೇ ಬರುತ್ತದೆ. ಮನೆಗೆ ಬಂದ ಬೀಗರ ವಿಷಯದಲ್ಲೂ ಬಂದಿದ್ದುಂಟು. ಶೈಲಜಾ ಕಣ್ಣು ಬಿಟ್ಟು ಸುಮ್ಮನಾಗಿಸಿದ್ದಾಳೆ.

ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ನನಗೊಂದು ಸಂದೇಶ ಬಂತು. "ಸರ್, ನಾವು ಖಾನಾಪುರದವರು. ನಿಮ್ಮ ಪಟ್ಟಿ ಕಾಯಂ ಓದತೀವಿ. ನಮ್ಮದೂ ಒಂದು ತಂಡ ಐತ್ರಿ." ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಜಗತ್ತೆಲ್ಲ ಹುಡುಕುತ್ತಿದ್ದವನಿಗೆ ಖಾನಾಪುರದಿಂದ ಕರೆ! ಬರೆದವನು ಸಿದ್ದು, ಬೀಡಿ ಎಂಬ ಹಳ್ಳಿಯ ಕೃಷಿಕರ ಮನೆಯವನು, ಹಾಡುಗಾರ. ತಂಡದ ಹೆಸರು "ಕೊಯ್ತಾ". ಕನ್ನಡದವರಿಗೂ ಮರಾಠಿಯವರಿಗೂ ಕೈಗೆ ಪರಿಚಯದ, ಕುಡುಗೋಲಿನಂಥ ಹತ್ಯಾರ. ಅರ್ಧ ಸಾಲು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಹಾಡುತ್ತಿದ್ದರು. ಈ ಎರಡು ಭಾಷೆಗಳ ನಡುವೆ ಒಂದು ಫಲಕ ಬರೆಸುವುದೂ ಕಷ್ಟವಾದ ನಮ್ಮ ಕಡೆ ಇದಕ್ಕೆ ಗಲಾಟೆಯಾಗಲಿಲ್ಲವೇ ಎಂದು ಕೇಳಿದೆ. "ಇಲ್ರೀ ಸರ್, ಯಾವ ಭಾಷಾದಾಗ ಒದರಾಕತ್ತೇವಿ ಅಂತ ಯಾರಿಗೂ ತಿಳಿಯೂದಿಲ್ಲ" ಎಂದ ಸಿದ್ದು.

ನಾಲ್ಕೇ ಹಾಡು, ಒಟ್ಟು ಏಳು ನಿಮಿಷ. ಖಾನಾಪುರದ ಮುಚ್ಚಿದ ಹಂಚಿನ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಧ್ವನಿಮುದ್ರಣ ಮಾಡಿದ್ದರು. ಗಿಟಾರ್ ಸಾಧಾರಣ. ಸಿದ್ದುವಿನ ಕೂಗು ಪರವಾಗಿಲ್ಲ. ಆದರೆ ಡ್ರಮ್! ಆ ಡ್ರಮ್ ಕೇಳಿ ನಾನು ಕುರ್ಚಿಯಿಂದ ಎದ್ದು ನಿಂತೆ. ಒಂದೊಂದು ಹೊಡೆತವೂ ಅಳೆದು ಇಟ್ಟ ಹಾಗೆ. ವೇಗ ಏರಿದಾಗಲೂ ಕೂದಲೆಳೆ ಜಾರದು. ಬಾರಿಸಿದವನು ತುಕಾರಾಮ, ಎಲ್ಲರ ಬಾಯಲ್ಲಿ ತುಕಾ, ಗೋವಾ ಗಡಿಗೆ ತಾಗಿದ ಕಣಕುಂಬಿಯವನು. ಅಂದೇ ನಾನು ಮೂರು ಸಾಲಿನ ಬದಲು ಒಂಬತ್ತು ಸಾಲು ಮೆಚ್ಚುಗೆ ಬರೆದಿಟ್ಟೆ. ಬಿಡುಗಡೆ ಬರುವ ಶುಕ್ರವಾರ. ಅಷ್ಟರೊಳಗೆ ಇವರನ್ನು ಕಣ್ಣಾರೆ ನೋಡಬೇಕೆನಿಸಿ, ಭಾನುವಾರ ಸ್ಕೂಟರ್ ಹತ್ತಿ ಕಣಕುಂಬಿಗೆ ಹೋದೆ.

ತುಕಾನ ಮನೆಯ ಹಿಂದೆ ಕಾಜೂ, ಎಂದರೆ ಗೇರು ಗಿಡಗಳು. ಹಣ್ಣು ಉದುರಿ, ಕೊಳೆತು, ನೆಲವೆಲ್ಲ ಒಂಥರಾ ಹುಳಿ, ಘಾಟು ವಾಸನೆ ಹಿಡಿದಿತ್ತು. ಅಲ್ಲಿಗೇ ಬರುತ್ತೇನೆಂದಿದ್ದ ಸಿದ್ದು ಇನ್ನೂ ಬಂದಿರಲಿಲ್ಲ. ತುಕಾ ಗಿಡದ ಕೆಳಗಿನಿಂದ ಎದ್ದು ಬಂದ. ಇಪ್ಪತ್ತಾರು ಇಪ್ಪತ್ತೇಳರ ತೆಳ್ಳನೆಯ ಮನುಷ್ಯ, ಕೈಯಲ್ಲಿ ಸ್ಟೀಲ್ ಗ್ಲಾಸು. ಅರ್ಧ ಕುಡಿದಿದ್ದ. ನನ್ನನ್ನು ಕಂಡು ನಾಚಿಕೊಂಡು ನಕ್ಕ, ಒಳಗೆ ಹೋಗಿ ಇನ್ನೊಂದು ಗ್ಲಾಸು ತುಂಬಿಸಿ ತಂದ.

"ತೊಗೋರಿ ಕಾಕಾ, ಕಾಜೂಂದ ಐತಿ. ಥಂಡ ಐತಿ."

ಗ್ಲಾಸು ಮೂಗಿನ ಹತ್ತಿರ ಬಂದದ್ದೇ ಆ ಘಾಟು ಹೊಡೆಯಿತು. ಕಾಜೂ ಹಣ್ಣಿನಿಂದ ಗೋವಾದವರು ಶೆರೆ ಇಳಿಸುತ್ತಾರೆಂದು ನನಗೆ ಗೊತ್ತಿತ್ತು. ಗಡಿ ಇಲ್ಲೇ ಇದೆ ಎಂಬುದೂ ಗೊತ್ತಿತ್ತು. ಎರಡೂ ಸೇರಿಸಿ ಲೆಕ್ಕ ಮುಗಿಸಿದೆ. "ಬ್ಯಾಡಪಾ, ನಾ ಹಿಂತಾದ್ದು ಮುಟ್ಟೂದಿಲ್ಲ" ಎಂದೆ. ಅವನು ಏನೂ ತಿಳಿಯದವನಂತೆ ಗ್ಲಾಸನ್ನು ಕಟ್ಟೆಯ ಮೇಲಿಟ್ಟ. ನನಗೆ ಎದೆಯೊಳಗೆ ಬೆಂಕಿ ಬಿದ್ದಿತ್ತು. ಹಗಲು ಹನ್ನೊಂದಕ್ಕೆ ಕುಡಿಯುವುದಲ್ಲದೆ ನನಗೇ ಕೊಡುತ್ತಾನಲ್ಲ! ಡೇರಿಯಲ್ಲಿ ಏನೋ ತುರ್ತು ಕೆಲಸ ಎಂದು ಹೇಳಿ, ಸಿದ್ದು ಬರುವ ಮೊದಲೇ ಸ್ಕೂಟರ್ ತಿರುಗಿಸಿದೆ.

ಶುಕ್ರವಾರದ ಪಟ್ಟಿಯಲ್ಲಿ ಕೊಯ್ತಾ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದು ತಪ್ಪು ತಿಳಿವಳಿಕೆ ಅಷ್ಟೇ ಆಗುತ್ತಿತ್ತು. ಸಿದ್ದು ಕೇಳಿದ, "ಸರ್, ಏನಾತ್ರಿ?" ನಿಮ್ಮ ಡ್ರಮ್ಮರ್ ಕುಡಿಯುತ್ತಾನೆ ಎಂದು ಬರೆಯಲು ನನಗೆ ಧೈರ್ಯ ಬರಲಿಲ್ಲ. ನಮ್ಮ ಕಡೆ ಇಂಥ ಮಾತನ್ನು ನೇರ ಆಡುವುದಿಲ್ಲ. ಬೆನ್ನ ಹಿಂದೆ ಬೇಕಾದಷ್ಟು ಆಡುತ್ತೇವೆ, ಮುಖದ ಮುಂದೆ ದಾಕ್ಷಿಣ್ಯ. ಹುಡುಗನ ಮಾನ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡು ಹೀಗೆ ಬರೆದೆ: "ಹಾಡು ಚೆನ್ನಾಗಿವೆ. ಡ್ರಮ್ಮಿನ ಹೊಡೆತ ಮಾತ್ರ ಸ್ವಲ್ಪ ಸಡಿಲ ಅನಿಸಿತು. ಇನ್ನಷ್ಟು ಅಭ್ಯಾಸ ಮಾಡಿ, ಮುಂದಿನ ಸಲ ನೋಡೋಣ."

ಹನಿ ಹೆಂಡ ಬಾಯಿಗೆ ತಾಗಿಸದವನು ಅಂಥ ಸುಳ್ಳನ್ನು ಸಲೀಸಾಗಿ ಬರೆದೆ. ಶುದ್ಧತೆಯ ನಿಯಮಗಳಲ್ಲಿ ಒಳಗೆ ಹೋಗುವುದಕ್ಕೆ ಮಾತ್ರ ಕಾವಲು ಇತ್ತು. ಹೊರಗೆ ಬರುವುದನ್ನು ಯಾರೂ ನೋಡುತ್ತಿರಲಿಲ್ಲ.

ಸಿದ್ದು "ಆತ್ರಿ ಸರ್" ಎಂದಷ್ಟೇ ಉತ್ತರಿಸಿದ. ಆಮೇಲೆ ಸುದ್ದಿಯಿಲ್ಲ. ನಾನು ವಾರವಾರ ಸ್ವೀಡನ್ನು, ಬ್ರೆಜಿಲ್ಲು ಎನ್ನುತ್ತ ಪಟ್ಟಿ ಬರೆದುಕೊಂಡು ಸುಖವಾಗಿದ್ದೆ.

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡ ಎನ್ನುತ್ತಾರೆ ಎಂಬ ಗಾದೆ ನಾನು ಸಾಲಿಯಲ್ಲಿ ಕಲಿತದ್ದೇ. ವಿವರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಬಂದಾಗ ಒಂದು ಪುಟ ಬರೆದಿದ್ದೆ. ಆ ಗಾದೆ ಮಜ್ಜಿಗೆ ಕುಡಿಯುವವನಿಗೆ ಹೇಳಿದ ಬುದ್ಧಿ, ಅಂಥ ಕಡೆ ಕೂಡಬೇಡಪ್ಪ ಎಂದು. ದಾರಿಯಲ್ಲಿ ನಿಂತು ನೋಡಿದವನಿಗೂ ಒಂದು ಗಾದೆ ಇರಬೇಕಿತ್ತು, ಹತ್ತಿರ ಹೋಗಿ ಕೇಳಪ್ಪ ಎಂದು. ನಮ್ಮ ಹಿರಿಯರು ಅದನ್ನು ಯಾಕೋ ಮಾಡಲಿಲ್ಲ. ನೋಡಿದವರೇ ಗಾದೆ ಕಟ್ಟುವವರೂ ಆಗಿದ್ದರೇನೋ.

ಈ ವರ್ಷ ಬೇಸಿಗೆಯಲ್ಲಿ ಖಾನಾಪುರದಲ್ಲಿರುವ ಶೈಲಜಾಳ ಚಿಗವ್ವನ ಮನೆಗೆ ಹೋಗಿದ್ದೆವು. ಗಂಗವ್ವ ಚಿಗವ್ವನೆಂದರೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಹೆಂಗಸು. ಕುಡುಕನೊಬ್ಬ ಕಟ್ಟೆಯ ಮೇಲೆ ಕೂತು ಎದ್ದುಹೋದರೆ ಕಟ್ಟೆಯನ್ನು ಮೂರು ಸಲ ತೊಳೆಯುವವರು. ಹಣೆತುಂಬ ವಿಭೂತಿಯ ಆ ತಾಯಿ ಒಳಗಿನಿಂದ ಬಂದು ನನ್ನ ಕೈಗೆ ಸ್ಟೀಲ್ ಗ್ಲಾಸು ಕೊಟ್ಟರು. ಬಾಯಿಗೆ ಒಯ್ಯುವ ಮೊದಲೇ ಮೂಗಿಗೆ ಹೊಡೆಯಿತು. ಅದೇ ಹುಳಿ, ಅದೇ ಘಾಟು.

"ಏನ್ರೀ ಇದು ಚಿಗವ್ವಾ?"

"ಕಾಜೂ ಹಣ್ಣಿಂದ ರಸಾರೀ, ಈಗ ಹಿಂಡೀನಿ. ಲಗೂನ ಕುಡೀರಿ, ಸಂಜೀತನಾ ಇಟ್ರ ಹುಳಿ ಬರತೈತಿ. ಹಿಂಡಿದ ತಾಸಿನ್ಯಾಗ ಸಣ್ಣ ಕೂಸಿಗೂ ಕೊಡತೇವಿ."

ಶೈಲಜಾ ಆಗಲೇ ಗಟಗಟ ಕುಡಿದು ಎರಡನೇ ಗ್ಲಾಸಿಗೆ ಕೈ ಚಾಚಿದ್ದಳು. ನಾನು ಗ್ಲಾಸು ಹಿಡಿದುಕೊಂಡು ಕುಳಿತೆ. "ಯಾಕ್ರೀ, ಆರಾಮ ಇಲ್ಲೇನ್ರಿ?" ಎಂದು ಚಿಗವ್ವ ಕೇಳಿದರು. ಇಲ್ಲ ಎನ್ನಬೇಕೆನಿಸಿತು, ಮೂರು ವರ್ಷದಿಂದ ಇಲ್ಲ, ಈಗ ಗೊತ್ತಾಯಿತು ಅಷ್ಟೇ. ಹೆಂಡದ ವಾಸನೆ ಬಲ್ಲ ಯಾವ ಕುಡುಕನೂ ಮಾಡದ ತಪ್ಪನ್ನು ನಾನು ಮಾಡಿದ್ದೆ. ಡೇರಿಯಲ್ಲಿ ಪರೀಕ್ಷೆ ಮಾಡದೆ ಒಂದು ಕ್ಯಾನನ್ನೂ ವಾಪಸು ಕಳಿಸಿದವನಲ್ಲ ನಾನು. ಕಣಕುಂಬಿಯಲ್ಲಿ ಪರೀಕ್ಷೆಗೆಂದು ತುಕಾನೇ ಗ್ಲಾಸು ತುಂಬಿಸಿ ಕೈಗೆ ಕೊಟ್ಟಿದ್ದ. ಒಂದು ಗುಟುಕು ಕುಡಿದಿದ್ದರೆ ಸಾಕಿತ್ತು. ನನ್ನ ವ್ರತವೇ ಕುಡಿಯಲು ಬಿಡಲಿಲ್ಲ.

ಆ ಸಂಜೆಯೇ ಸಿದ್ದುವನ್ನು ಹುಡುಕಿಕೊಂಡು ಹೋದೆ. ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಮುದ್ರಿಸುವ ಅಂಗಡಿ ಹಾಕಿದ್ದಾನೆ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸನ್ನು ನೆಲದ ಮೇಲೆ ಹರಡಿ ಕತ್ತರಿಸುತ್ತಿದ್ದವನು ಎದ್ದು, "ಬರ್ರಿ ಸರ್, ಕುಂದರ್ರಿ" ಎಂದು ಸ್ಟೂಲು ಎಳೆದ. ನಾನು ತಂಡದ ವಿಷಯ ಕೇಳಿದೆ.

"ಎಲ್ಲೀ ತಂಡರೀ ಸರ್. ತುಕಾ ಬಿಟ್ಟ ಮ್ಯಾಲೆ ಮುಗೀತು."

"ಯಾಕ ಬಿಟ್ಟ?"

ಸಿದ್ದು ಮತ್ತೆ ಫ್ಲೆಕ್ಸಿನ ಮುಂದೆ ಕುಳಿತು ಕತ್ತರಿ ಎತ್ತಿಕೊಂಡ. "ನೀವು ಸಡ್ಲ ಐತಿ ಅಂದಿದ್ರೆಲ್ಲರೀ. ಒಂದ ತಿಂಗಳ ದಿನಾ ಒಬ್ಬನ ಶೆಡ್ಡಿಗೆ ಬಂದು ಬಾರಿಸ್ತಿದ್ದ. ಎಲ್ಲಿ ಸಡ್ಲ ಐತೋ ಸಿದ್ದು, ಎಲ್ಲಿ ಐತಿ, ಅಂತ ಹುಡಕೂದ. ಅವಗೂ ಸಿಗಲಿಲ್ಲ, ನಮಗೂ ಸಿಗಲಿಲ್ಲ. ಆದ್ರ ನೀವು ಅಂದೀರಿ ಅಂದಮ್ಯಾಲೆ ಇರಬೇಕು ಅಂದ್ವಿ. ಕಡೀಕ ಡ್ರಮ್ಮ ಯಾರಿಗೋ ಕೊಟ್ಟಬಿಟ್ಟ. ಈಗ ಗಣಪತಿ ಹಬ್ಬದಾಗ ಅಷ್ಟ ಢೋಲ ಬಾರಿಸ್ತಾನರಿ. ಅಲ್ಲಿ ಐವತ್ತು ಮಂದಿ ಕೂಡೇ ಬಾರಿಸ್ತಾರ, ಒಬ್ಬಂದ ಸಡ್ಲ ಇದ್ರ ತಿಳಿಯೂದಿಲ್ಲ ಅಂತಾನ."

ಹಾಲಿನಲ್ಲಿ ನೀರು ಇದ್ದರೆ ಹುಡುಕಿದವನಿಗೆ ಸಿಗುತ್ತದೆ. ಇಲ್ಲದ ಸಡಿಲನ್ನು ಒಬ್ಬ ಮನುಷ್ಯ ಒಂದು ತಿಂಗಳು ಖಾಲಿ ಶೆಡ್ಡಿನಲ್ಲಿ ಒಬ್ಬನೇ ಕುಳಿತು ಹುಡುಕಿದ್ದಾನೆ. ಸಿದ್ದುವಿಗೆ ನಿಜ ಹೇಳಿದೆ. ಅವನು ಕತ್ತರಿ ಕೆಳಗಿಟ್ಟು, "ತುಕಾ? ಕುಡಿಯೂದು?" ಎಂದು ನಗಲು ಹೋದ. ನಗು ಅರ್ಧಕ್ಕೇ ನಿಂತಿತು. "ಇದನ್ನ ನನಗ ಹೇಳಬ್ಯಾಡ್ರಿ ಸರ್, ಅವಗ ಹೇಳ್ರಿ" ಎಂದ.

ಮರುದಿನ ಬೆಳಿಗ್ಗೆ ಕಣಕುಂಬಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ತುಕಾ ಅದೇ ಗಿಡದ ಕೆಳಗೆ ಕುಳಿತು ಹಣ್ಣಿನಿಂದ ಬೀಜ ತಿರುವಿ ತಿರುವಿ ಬೇರೆ ಮಾಡುತ್ತಿದ್ದ. ನಾನು ಎದುರಿಗೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಗ್ಲಾಸು, ವಾಸನೆ, ಪಟ್ಟಿ, ನಾನು ಬರೆದ ಸುಳ್ಳು. ಕುಡುಕ ಎಂದುಕೊಂಡೆನಲ್ಲ ಎಂದು ಸಿಟ್ಟಾಗುತ್ತಾನೆ, ಎರಡು ಬೈದರೆ ನನಗೂ ಹಗುರಾಗುತ್ತದೆ ಎಂದು ಕಾದೆ. ಅವನು ಬೈಯಲಿಲ್ಲ. ಕೈ ಮಾತ್ರ ನಿಂತಿತು.

"ಹಂಗಾರ ನನ್ನ ಹೊಡತ ಸಡ್ಲ ಇರಲಿಲ್ಲೇನ್ರಿ ಕಾಕಾ?"

ಅವನಿಗೆ ಬೇಕಾದದ್ದು ಇಷ್ಟೇ. ಮೂರು ವರ್ಷ ಅವನು ಹೊತ್ತುಕೊಂಡು ತಿರುಗಿದ್ದೂ ಇಷ್ಟೇ. "ಇರಲಿಲ್ಲಪಾ. ಅಷ್ಟ ಬಿಗಿ ಹೊಡತ ನಾ ಆ ವರ್ಷ ಎಲ್ಲೂ ಕೇಳಿರಲಿಲ್ಲ" ಎಂದೆ. ಅವನು ತಲೆ ತಗ್ಗಿಸಿ ಇನ್ನೆರಡು ಬೀಜ ತಿರುವಿದ. ಆಮೇಲೆ, "ಕೇಳಬೇಕಿತ್ತಲ್ರೀ. ಗ್ಲಾಸ ಕೈಯಾಗ ಹಿಡಕೊಂಡ ನಿಂತಿದ್ನಿ" ಎಂದ. ಆ ದನಿಯಲ್ಲಿ ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಒಳಗೆ ಹೋಗಿ ಗ್ಲಾಸು ತಂದ. ಈ ಸಲ ಕುಡಿದೆ. ಸಿಹಿ, ಆದರೆ ಕಾಜೂ ರಸ ಇಳಿದ ಮೇಲೆ ಗಂಟಲು ಹಿಡಿಯುತ್ತದೆ. ನಾನು ಕೈಯಿಂದ ಗಂಟಲು ನೀವಿಕೊಂಡೆ. "ಅದರ ಗುಣಾನ ಹಂಗ್ರಿ, ಬಿಡತೈತಿ" ಎಂದು ತುಕಾ ನನಗೇ ಸಮಾಧಾನ ಹೇಳಿದ.

ಆ ಶುಕ್ರವಾರದ ಹೊಸ ಬಿಡುಗಡೆಗಳ ಪಟ್ಟಿಯ ಮೊದಲ ಸಾಲು ಹೀಗಿತ್ತು: "ಕೊಯ್ತಾ, ಖಾನಾಪುರ. ನಾಲ್ಕು ಹಾಡು. ಮೂರು ವರ್ಷ ತಡ; ತಡ ಅವರದಲ್ಲ, ನನ್ನದು." ಕೆಳಗೆ, ಅಂದು ಬರೆದಿಟ್ಟಿದ್ದ ಒಂಬತ್ತು ಸಾಲನ್ನು ಒಂದಕ್ಷರ ಬದಲಿಸದೆ ಹಾಕಿದೆ. ಇಂಡೋನೇಷ್ಯಾದ ಗೆಳೆಯ ಅಂದೇ ಬರೆದ: ಈ ಡ್ರಮ್ಮರ್ ಯಾರು? ಇವರ ಮುಂದಿನ ಬಿಡುಗಡೆ ಯಾವಾಗ? ಮೊದಲ ಪ್ರಶ್ನೆಗೆ ಉತ್ತರಿಸಿದೆ. ಎರಡನೆಯದನ್ನು ಹಾಗೆಯೇ ತುಕಾನಿಗೆ ಕಳಿಸಿಬಿಟ್ಟೆ.

ಮೂರನೆಯ ದಿನ ಹಾಲಿನ ಕ್ಯಾನುಗಳ ನಡುವೆ ನಿಂತಿದ್ದಾಗ ಮೊಬೈಲು ಸದ್ದು ಮಾಡಿತು. "ಕಾಕಾ, ಅವತ್ತಿಂದ ಆ ಹಾಡು ಕೇಳಿದ್ದಿಲ್ಲ. ನಿನ್ನೆ ಕೇಳಿದ್ನಿ. ಎರಡನೇ ಹಾಡಿನ ಕಡೀಕ ಖರೇನ ಸ್ವಲ್ಪ ಸಡ್ಲ ಐತ್ರಿ."

ಆ ಸಂಜೆ ಮನೆಗೆ ಬಂದವನೇ ಹೆಡ್‌ಫೋನ್ ಹಾಕಿಕೊಂಡು ಎರಡನೇ ಹಾಡನ್ನು ಹತ್ತು ಸಲ ಕೇಳಿದೆ. ಸಿಗಲಿಲ್ಲ. ಆದರೆ ಅವನು ಅಂದಿದ್ದಾನೆ ಅಂದಮೇಲೆ ಇರಬೇಕು. ಇನ್ನೂ ಹುಡುಕುತ್ತಿದ್ದೇನೆ.